ಚಂದನದ ಕವಿಸಮಯವೂ ಘುಣಾಕ್ಷರನ್ಯಾಯವೂ

ಚಂದನವೃಕ್ಷಕ್ಕೆ ಹೂವೂ ಹಣ್ಣೂ ಉಂಟಾದರೂ ಕವಿಗಳು ಅವನ್ನು ವರ್ಣಿಸುವುದಿಲ್ಲ. ಇದ್ದುದನ್ನು ಹೇಳದೆ ಬಿಡುವ ಕವಿಸಮಯಗಳಲ್ಲಿ ಇದನ್ನೂ ಒಂದಾಗಿ ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಎಣಿಸಿರುವನು. ಪಾಠ ಹೇಳುವಾಗ ನಾವು ಇದನ್ನು ನಿರುಪದ್ರವವಾದ ಕಲ್ಪನೆಯೆಂದು ತಿಳಿಸಿ ಮುಂದೆ ಸಾಗುವುದು ರೂಢಿ. ಗಂಧದ ನಾಡಿನ ಅಧ್ಯಾಪಕರಿಗೆ ಇಷ್ಟು ಸಾಲದೆಂದು ನಮ್ಮ ಅಭಿಪ್ರಾಯ.

1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲ್ಪಟ್ಟು, ಬಳಿಕ ಮೈಸೂರು ಸೀಮೆಗೂ ಹಬ್ಬಿದ ಸ್ಪೈಕ್ ರೋಗದಲ್ಲಿ ಗಂಧದ ಎಲೆಗಳು ಕಿರಿದಾಗಿ, ಮುಳ್ಳಿನಂತೆ ಸೆಟೆದು ನಿಲ್ಲುವುವು. ಅಂತಹ ಮರವು ಸಾಮಾನ್ಯವಾಗಿ ಹೂ ಬಿಡದು, ಹಣ್ಣು ಕೊಡದು. ಕೆಲವೇ ವರ್ಷಗಳಲ್ಲಿ ಒಣಗುವುದು. ಕವಿಸಮಯವು ಅಕ್ಷರಶಃ ಸತ್ಯವಾಗಿ ಕಾಣುವುದು ಸಾಯುತ್ತಿರುವ ಮರದಲ್ಲಿಯೇ ಎಂಬುದು ವಿಚಾರಣೀಯವಾಗಿದೆ.

ಕಾವ್ಯದಲ್ಲಿ ಚಂದನದ ಸಹಚರರು ಸರ್ಪಗಳು, ಕಾಡಿನಲ್ಲಿಯಾದರೋ ಕೀಟಗಳು. ಒಣಗಿದ ಮರವನ್ನು ಸೀಳಿದಾಗ ಒಳಗೆ ಹುಳು ಕಂಡರೆ, ಮರವನ್ನು ಕೊಂದುದು ಅದೇ ಎಂದು ನಿರ್ಣಯಿಸುವವರುಂಟು. ಘುಣಾಕ್ಷರನ್ಯಾಯವು ಇವರಿಗೆ ತಕ್ಕ ಉತ್ತರ. ಘುಣವು ಕೊರೆದ ಗೆರೆಯು ಅಕ್ಷರದಂತೆ ತೋರಿದರೂ ಹುಳುವಿಗೆ ಬರೆಯುವ ಉದ್ದೇಶವಿಲ್ಲ. ಹಾಗೆಯೇ ಮರದಲ್ಲಿ ಹುಳುವಿದ್ದ ಮಾತ್ರಕ್ಕೆ ಅದು ಮರಣಕಾರಣವಾಗದು. ಜೀವಂತ ಗಂಧವನ್ನು ಕೊರೆಯುವ ಹುಳುಗಳೂ ಉಂಟು. ಆದರೆ ಕೊರಕ ಕೀಟಗಳಲ್ಲಿ ಅನೇಕವು ಮರವು ದುರ್ಬಲವಾದ ಮೇಲೆ ಬಂದು ಸೇರುವುವು.

ಹಾಗೆಂದು ಕೀಟಕುಲವೆಲ್ಲ ನಿರ್ದೋಷಿಯೆಂದೂ ಹೇಳಲಾಗದು. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅವರು 1917ರಲ್ಲಿ ಈ ರೋಗವು ಕಸಿಯ ಮೂಲಕ ಹರಡುವುದೆಂದು ತೋರಿಸಿದರು. 1941ರಲ್ಲಿ ರಸ ಹೀರುವ ಒಂದು ಜಿಗಿಹುಳುವು ಇದರ ವಾಹಕವೆಂದು ಪ್ರಕಟವಾಯಿತು. 1969ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡ, ಇಂದು ಫೈಟೋಪ್ಲಾಸ್ಮಾ ಎನಿಸಿಕೊಳ್ಳುವ ಅಣುಜೀವಿಯೇ ಮೂಲಕಾರಣ. ಅಕ್ಷರ ಕೊರೆಯುವ ಹುಳುವು ಕಣ್ಣಿಗೆ ಬೀಳುವುದು. ರೋಗವನ್ನು ಹೊರುವ ಹುಳುವು ಗುರುತನ್ನೇ ಉಳಿಸದೆ ಹಾರುವುದು.

ಆದಕಾರಣ ಕವಿಸಮಯವು ಸುಳ್ಳೆಂದು ತಳ್ಳಬೇಕೇ? ಬೇಡ. ‘ಇದ್ದರೂ’ ಎಂಬ ಮಾತಿನಲ್ಲಿಯೇ ಆಲಂಕಾರಿಕನು ಹೂವನ್ನು ಬಲ್ಲನೆಂಬುದು ಸಿದ್ಧ. ಬಲ್ಲುದನ್ನು ಬಿಡುವುದು ಸಮಯ. ಅರಿಯದೆ ಬಿಡುವುದು ಅಜ್ಞಾನ. ವೈಟ್‌ಫೀಲ್ಡಿನ ಆಚೆ ಹೊಸಕೋಟೆಯ ಬಳಿಯ ಗೊಟ್ಟಿಪುರದಲ್ಲಿ, ಮಲ್ಲೇಶ್ವರದ ಕಾಷ್ಠವಿಜ್ಞಾನ ಸಂಸ್ಥೆಯು ಬೆಳೆಸಿದ ಗಂಧದ ಮರಗಳಿವೆ. ಕಾರ್ಖಾನೆಗಳ ನಡುವೆ ಬೆಳೆಯುತ್ತಿರುವ ವಿದ್ಯಾರ್ಥಿಯು ಹೂ ಬಿಟ್ಟ ಗಂಧವನ್ನು ಒಮ್ಮೆ ನೋಡಿ, ಅನಂತರ ರಾಜಶೇಖರನನ್ನು ಓದಲಿ. ಆಗ ಕವಿಯು ಏನನ್ನು ಬಿಟ್ಟನೆಂಬುದೂ, ಕಾಡು ಏನನ್ನು ಕಳೆದುಕೊಳ್ಳುತ್ತಿದೆಯೆಂಬುದೂ ಬೇರೆಬೇರೆಯಾಗಿ ತಿಳಿದುಬರುವುದು.