ತೆರೆಯ ಮೇಲಿನ ಮುಸ್ಲಿಮನನ್ನು ರೂಪಿಸುವವರು ಯಾರು?

ಸಿನಿಮಾದಲ್ಲಿ ಮುಸ್ಲಿಮರ ಚಿತ್ರಣದ ಕುರಿತು ಚರ್ಚೆ ನಡೆದಾಗಲೆಲ್ಲ ಮಾತು ಕತೆಯ ಸುತ್ತಲೇ ತಿರುಗುತ್ತದೆ. ಖಳನಾಯಕನಿಗೆ ಯಾವ ಹೆಸರಿಟ್ಟರು, ಬಾಂಬು ಇಡುವವನ ತಲೆಯ ಮೇಲೆ ಟೋಪಿ ಏಕಿತ್ತು ಎಂದು ಕೇಳುತ್ತೇವೆ. ಇವು ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಆ ಚಿತ್ರಕ್ಕೆ ಹಣ ಹಾಕಿದವರು ಯಾರು, ಅದನ್ನು ಯಾರಿಗೆ ಮಾರಲು ಹೊರಟಿದ್ದಾರೆ, ಹೇಗೆ ಮಾರುತ್ತಿದ್ದಾರೆ ಎಂಬ ಪ್ರಶ್ನೆಗಳು ಅಷ್ಟಾಗಿ ಕೇಳಿಬರುವುದಿಲ್ಲ. ಸಿನಿಮಾ ಕಲೆಯೂ ಹೌದು, ಸರಕೂ ಹೌದು. ಸರಕು ಕೊಳ್ಳುವವನು ಬದಲಾದಾಗ ತೆರೆಯ ಮೇಲಿನ ಮನುಷ್ಯನೂ ಬದಲಾಗುತ್ತಾನೆ. ಹಿಂದಿ ಮತ್ತು ಕನ್ನಡ ಚಿತ್ರಗಳ ಕೆಲವು ಉದಾಹರಣೆಗಳ ಮೂಲಕ ಇದನ್ನು ಪರಿಶೀಲಿಸಬಹುದು.

ನವಾಬರ ಕಾಲ

ಹಿಂದಿ ಚಿತ್ರರಂಗದಲ್ಲಿ ಒಂದು ಕಾಲಕ್ಕೆ 'ಮುಸ್ಲಿಂ ಸೋಷಿಯಲ್' ಎಂಬ ಪ್ರಕಾರವೇ ಇತ್ತು. 1943ರ 'ನಜ್ಮಾ', 1960ರ 'ಚೌದ್ವೀ ಕಾ ಚಾಂದ್', 1963ರ 'ಮೇರೆ ಮೆಹಬೂಬ್' ಈ ಸಾಲಿನವು. ಲಖನೌ ಅಥವಾ ಅಲೀಗಢದ ಹಿನ್ನೆಲೆ, ಶೇರ್ವಾನಿ ತೊಟ್ಟ ನಾಯಕ, ಪರದೆಯ ಮರೆಯ ನಾಯಕಿ, ಗಜಲ್, ಮುಷಾಯಿರಾ. 1972ರ 'ಪಾಕೀಝಾ' ಬರುವ ಹೊತ್ತಿಗೆ ಈ ಪ್ರಕಾರಕ್ಕೆ ಮುಪ್ಪು ಆವರಿಸಿತ್ತು.

ಈ ಚಿತ್ರಗಳು ಹುಟ್ಟಿದ್ದು ಕೇವಲ ಸೌಹಾರ್ದದ ಆಶಯದಿಂದಲ್ಲ. ಉತ್ತರದ ಪಟ್ಟಣಗಳಲ್ಲೂ ಹೈದರಾಬಾದಿನಂಥ ಊರುಗಳಲ್ಲೂ ಉರ್ದು ಬಲ್ಲ ಪ್ರೇಕ್ಷಕರ ದೊಡ್ಡ ಸಮೂಹವಿತ್ತು. ಆಗ ಎಲ್ಲರೂ ಒಂದೇ ಟಾಕೀಸಿಗೆ ಬರಬೇಕಿತ್ತು. ಗಾಂಧಿ ಕ್ಲಾಸಿನ ಕೂಲಿಯಿಂದ ಬಾಲ್ಕನಿಯ ವಕೀಲರ ತನಕ ಯಾರನ್ನೂ ಕಳೆದುಕೊಳ್ಳುವುದು ನಿರ್ಮಾಪಕನಿಗೆ ನಷ್ಟವೇ. ಚಿತ್ರ 25 ವಾರ ಓಡಿದರೆ ರಜತೋತ್ಸವ. ಹಾಗೆ ಓಡಬೇಕಾದರೆ ಜನ ಮತ್ತೆ ಮತ್ತೆ ಬರಬೇಕು. ಮನಮೋಹನ್ ದೇಸಾಯಿಯವರ 'ಅಮರ್ ಅಕ್ಬರ್ ಆಂಥೋನಿ' (1977), 1983ರ 'ಕೂಲಿ'ಯ ಇಕ್ಬಾಲ್, 'ದೀವಾರ್'ನ (1975) 786ರ ಬಿಲ್ಲೆ ಇವೆಲ್ಲ ಇದೇ ಲೆಕ್ಕಾಚಾರದ ಫಲ.

ಹಾಗೆಂದು ಆ ಕಾಲವನ್ನು ಸುವರ್ಣಯುಗ ಎನ್ನಲಾಗದು. ನವಾಬನ ಹವೇಲಿಯಲ್ಲಿ ನೇಕಾರನಿರಲಿಲ್ಲ, ಬೀಡಿ ಕಟ್ಟುವ ಹೆಂಗಸಿರಲಿಲ್ಲ. ದೇಶದ ಬಹುಪಾಲು ಮುಸ್ಲಿಮರು ಬಡವರಾಗಿದ್ದಾಗ ತೆರೆಯ ಮೇಲೆ ಅತ್ತರಿನ ಪರಿಮಳ ಹರಡಿತ್ತು. ಇನ್ನೊಂದು ವಿಪರ್ಯಾಸವೂ ಇದೆ. ಯೂಸುಫ್ ಖಾನ್ ದಿಲೀಪ್ ಕುಮಾರ್ ಆದರು, ಮಹಜಬೀನ್ ಮೀನಾಕುಮಾರಿ ಆದರು, ಮುಮ್ತಾಜ್ ಜಹಾನ್ ಮಧುಬಾಲಾ ಆದರು. ಪಾತ್ರಕ್ಕೆ ಮುಸ್ಲಿಂ ಹೆಸರು ನಡೆಯುತ್ತಿತ್ತು. ಪೋಸ್ಟರಿನ ಮೇಲೆ ನಟರಿಗೆ ಬೇರೆ ಹೆಸರು ಬೇಕಿತ್ತು. 1990ರ ದಶಕದ ಖಾನ್‌ಗಳು ತಮ್ಮ ಹೆಸರಿನಲ್ಲೇ ಮೆರೆದರು. ಆದರೆ ಆ ಹೊತ್ತಿಗೆ ಮುಸ್ಲಿಂ ಪಾತ್ರವೇ ಸಂಶಯದ ನೆರಳಿಗೆ ಸರಿದಿತ್ತು.

ಸಲೀಂ ಮಿರ್ಜಾನ ಮನೆ

ನವಾಬನೂ ಅಲ್ಲದ, ಖಳನೂ ಅಲ್ಲದ ಮುಸ್ಲಿಮನೊಬ್ಬ ತೆರೆಗೆ ಬರಬೇಕಾದರೆ ಮಾರುಕಟ್ಟೆಯ ಹಣದಿಂದ ಹೊರಗೆ ನಿಲ್ಲಬೇಕಾಯಿತು. ಮೈಸೂರಿನವರಾದ ಎಂ.ಎಸ್. ಸತ್ಯು ಅವರ 'ಗರ್ಮ್ ಹವಾ' ಇದಕ್ಕೆ ಸಾಕ್ಷಿ. ಇಸ್ಮತ್ ಚುಗ್ತಾಯಿಯವರ ಕತೆಯನ್ನು ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕತೆಯಾಗಿಸಿದರು. ಸರ್ಕಾರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಕೊಟ್ಟದ್ದು ಎರಡೂವರೆ ಲಕ್ಷ ರೂಪಾಯಿ. ಮಿಕ್ಕದ್ದು ಸ್ನೇಹಿತರ ಸಾಲ. ಚಿತ್ರೀಕರಣದ ಸ್ಥಳದಲ್ಲಿ ಧ್ವನಿ ಮುದ್ರಿಸಿಕೊಳ್ಳುವ ಸಲಕರಣೆಗೂ ದುಡ್ಡಿರಲಿಲ್ಲ. ಮಾತುಗಳನ್ನು ಆಮೇಲೆ ಡಬ್ ಮಾಡಬೇಕಾಯಿತು. ಆಗ್ರಾದಲ್ಲಿ ಪ್ರತಿಭಟನೆಯನ್ನು ಬೇರೆಡೆಗೆ ಸೆಳೆಯಲು ಫಿಲ್ಮಿಲ್ಲದ ಕ್ಯಾಮೆರಾದೊಂದಿಗೆ ಇನ್ನೊಂದು ತಂಡವನ್ನು ಕಳುಹಿಸಿ ಚಿತ್ರೀಕರಣ ಮುಗಿಸಿದರು. ಬಲರಾಜ್ ಸಾಹ್ನಿ ಡಬ್ಬಿಂಗ್ ಮುಗಿಸಿದ ಮರುದಿನವೇ ತೀರಿಕೊಂಡರು.

ಸಾಹ್ನಿಯವರ ಸಲೀಂ ಮಿರ್ಜಾ ಆಗ್ರಾದ ಚಪ್ಪಲಿ ವ್ಯಾಪಾರಿ. ವಿಭಜನೆಯ ನಂತರ ಅವನಿಗೆ ಸಾಲ ಹುಟ್ಟುವುದಿಲ್ಲ, ಬಾಡಿಗೆಗೆ ಮನೆ ಸಿಗುವುದಿಲ್ಲ. ಪಾಕಿಸ್ತಾನಕ್ಕೆ ಹೋದ ಅಣ್ಣನ ಹೆಸರಿನಲ್ಲಿದ್ದ ಮನೆ ಕೈತಪ್ಪುತ್ತದೆ. ಇಲ್ಲಿ ವೀರಾವೇಶವಿಲ್ಲ, ಒಂದೊಂದೇ ಬಾಗಿಲು ಮುಚ್ಚುವ ಸದ್ದಿದೆ. ಬಾಡಿಗೆ ಮನೆ ಹುಡುಕುವ ಮಿರ್ಜಾನ ಅನುಭವ ಇಂದಿನ ಮಹಾನಗರಗಳ ಮುಸ್ಲಿಮರಿಗೆ ಹಳೆಯದೆನಿಸಲಾರದು. ಕೋಮುಗಲಭೆಯ ಭಯದಿಂದ ಸೆನ್ಸಾರ್ ಮಂಡಳಿ ಚಿತ್ರವನ್ನು ತಿಂಗಳುಗಟ್ಟಲೆ ತಡೆಹಿಡಿಯಿತು. 1974ರಲ್ಲಿ ಅದು ಮೊದಲು ಬಿಡುಗಡೆಯಾದದ್ದು ಬೆಂಗಳೂರಿನಲ್ಲಿ. ಇಲ್ಲಿನ ಜನರ ಸ್ವಾಗತವೇ ಉಳಿದ ಊರುಗಳಿಗೆ ದಾರಿ ತೆರೆಯಿತು. ಗಲಭೆಯಾಗಲಿಲ್ಲ, ಬದಲಿಗೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂತು. ಇದನ್ನು ಕನ್ನಡಿಗರು ಮರೆಯಬಾರದು.

ಟಾಕೀಸಿನಿಂದ ಮಾಲ್‌ಗೆ

1990ರ ದಶಕದಲ್ಲಿ ಉದಾರೀಕರಣ ಮತ್ತು ಬಾಬರಿ ಮಸೀದಿಯ ಧ್ವಂಸ ಒಟ್ಟೊಟ್ಟಿಗೆ ಬಂದವು. 1992ರ 'ರೋಜಾ' ತಮಿಳಿನಲ್ಲಿ ತಯಾರಾಗಿ ಹಿಂದಿಗೂ ಡಬ್ ಆಗಿ ಕಾಶ್ಮೀರದ ಉಗ್ರನನ್ನು ದೇಶದಾದ್ಯಂತ ಪರಿಚಯಿಸಿತು. 1997ರಲ್ಲಿ ದಿಲ್ಲಿಯ ಸಾಕೇತ್‌ನಲ್ಲಿ ಪಿವಿಆರ್‌ನ ಮಲ್ಟಿಪ್ಲೆಕ್ಸ್ ಬಂತು. 1998ರಲ್ಲಿ ಸಿನಿಮಾಕ್ಕೆ ಉದ್ಯಮದ ಸ್ಥಾನಮಾನ ಸಿಕ್ಕಿತು. ಕಂಪನಿಗಳ ಬಂಡವಾಳ ಹರಿಯಿತು, ಅನಿವಾಸಿ ಭಾರತೀಯರ ಡಾಲರು ಎಣಿಕೆಗೆ ಬಂತು. ಟಿಕೆಟ್ಟಿನ ದರ ಏರಿತು. ಟಾಕೀಸುಗಳು ಒಂದೊಂದಾಗಿ ಮುಚ್ಚಿದವು. ಬೆಂಗಳೂರಿನ ಪ್ಲಾಜಾ, ಕಪಾಲಿಗಳು ಇಂದು ಹೆಸರಾಗಿ ಮಾತ್ರ ಉಳಿದಿವೆ. ಗಾಂಧಿ ಕ್ಲಾಸು ಹೋದಾಗ ಅಲ್ಲಿ ಕೂರುತ್ತಿದ್ದವರೂ ನಿರ್ಮಾಪಕನ ಲೆಕ್ಕದಿಂದ ಹೊರಗಾದರು. ಅದರಲ್ಲಿ ಬಡ ಮುಸ್ಲಿಮರಿದ್ದರು, ದಲಿತರಿದ್ದರು, ಕೂಲಿಕಾರ್ಮಿಕರಿದ್ದರು.

ಪ್ರಚಾರದ ರೀತಿಯೂ ಬದಲಾಯಿತು. ಕೈಯಲ್ಲಿ ಬರೆದ ಪೋಸ್ಟರು, ಜಟಕಾ ಗಾಡಿಯ ಮೈಕು, ನಾಲ್ಕಾಣೆಯ ಹಾಡಿನ ಪುಸ್ತಕ ಇದ್ದಾಗ ಚಿತ್ರ ಬಾಯಿಂದ ಬಾಯಿಗೆ ಹರಡಲು ಸಮಯವಿತ್ತು. ಈಗ ಶುಕ್ರವಾರದಿಂದ ಭಾನುವಾರದ ಗಳಿಕೆಯೇ ಚಿತ್ರದ ಹಣೆಬರಹ. ಎರಡು ನಿಮಿಷದ ಟ್ರೇಲರಿನಲ್ಲಿ ಎಲ್ಲವೂ ಹೊಳೆಯಬೇಕು. ಇಷ್ಟು ಅವಸರದಲ್ಲಿ ಪಾತ್ರಕ್ಕೆ ಮನುಷ್ಯನಾಗಲು ಸಮಯವಿಲ್ಲ, ಗುರುತು ಸಾಕು. ಸುರ್ಮಾ ಹಚ್ಚಿದ ಕಣ್ಣು, ಬಿಳಿ ಟೋಪಿ, ಹಿನ್ನೆಲೆಯಲ್ಲಿ ಒಂದು ಆಲಾಪ. ಪ್ರೇಕ್ಷಕನಿಗೆ ಭಯಪಡಬೇಕೆಂದು ತಿಳಿದುಬಿಡುತ್ತದೆ. ಈ ರೂಢಿಯ ಹಿಂದೆ ದ್ವೇಷವಷ್ಟೇ ಅಲ್ಲ, ಅಗ್ಗದ ವ್ಯಾಪಾರವೂ ಇದೆ.

ಸದುದ್ದೇಶದ ಚಿತ್ರಗಳೂ ಇದೇ ಚೌಕಟ್ಟಿನೊಳಗೆ ಸಿಲುಕಿದವು. 'ಸರ್ಫರೋಶ್'ನ (1999) ಇನ್‌ಸ್ಪೆಕ್ಟರ್ ಸಲೀಂ, 'ಚಕ್ ದೇ ಇಂಡಿಯಾ'ದ (2007) ಹಾಕಿ ಕೋಚ್ ಕಬೀರ್ ಖಾನ್ ಇಬ್ಬರೂ ಒಳ್ಳೆಯವರು. ಆದರೆ ಇಬ್ಬರೂ ತಮ್ಮ ದೇಶನಿಷ್ಠೆಯನ್ನು ಸಾಬೀತುಪಡಿಸಬೇಕು. ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಮುಸ್ಲಿಮನನ್ನು ತೋರಿಸುವುದು ಸಹಾನುಭೂತಿಯೇ ಸರಿ. ಆದರೆ ಆ ಪರೀಕ್ಷೆ ಅವನೊಬ್ಬನಿಗೇ ಏಕೆ?

ಗುಲಾಬಿ ಮತ್ತು ಹಸೀನಾ

ಇದೇ ವರ್ಷಗಳಲ್ಲಿ ಕನ್ನಡದಲ್ಲಿ ಗಿರೀಶ್ ಕಾಸರವಳ್ಳಿಯವರು ಬೇರೆ ದಾರಿ ಹಿಡಿದರು. ಬಾನು ಮುಷ್ತಾಕ್‌ರ 'ಕರಿ ನಾಗರಗಳು' ಕತೆಯನ್ನು ಆಧರಿಸಿದ 'ಹಸೀನಾ' (2004) ಗಂಡ ಕೈಬಿಟ್ಟ ಹೆಣ್ಣೊಬ್ಬಳು ಜಮಾಅತ್ತಿನ ಮುಂದೆ ನ್ಯಾಯ ಕೇಳುವ ಕತೆ. ಮುಸ್ಲಿಂ ಸಮಾಜದೊಳಗಿನ ಅನ್ಯಾಯವನ್ನು ಅದು ಮುಚ್ಚಿಡುವುದಿಲ್ಲ. ಇಂಥ ಚಿತ್ರವನ್ನು ಸಮುದಾಯದ ಮೇಲಿನ ದಾಳಿ ಎನ್ನಲಾಗದು; ಏಕೆಂದರೆ ಇಲ್ಲಿ ಪ್ರಶ್ನೆ ಕೇಳುವವಳು ಹಸೀನಾಳೇ. ಅವಳು ಕೇಳುವುದೂ ತನ್ನ ಧರ್ಮ ತನಗೆ ಕೊಟ್ಟ ಹಕ್ಕನ್ನೇ.

'ಗುಲಾಬಿ ಟಾಕೀಸ್' (2008) ಸಿನಿಮಾದ ಬದಲಾವಣೆಯನ್ನೇ ವಸ್ತುವಾಗಿ ಉಳ್ಳ ಚಿತ್ರ. ವೈದೇಹಿಯವರ ಕತೆಯಲ್ಲಿ ಊರಿಗೆ ಟಾಕೀಸು ಬರುತ್ತದೆ. ಕಾಸರವಳ್ಳಿಯವರು ಅದನ್ನು ಡಿಶ್ ಆಂಟೆನಾದ ಕಾಲಕ್ಕೆ ತಂದು, ಗುಲಾಬಿಯನ್ನು ಮುಸ್ಲಿಂ ಸೂಲಗಿತ್ತಿಯಾಗಿಸಿದರು. ಕುಂದಾಪುರದ ಕಡೆಯ ಮೀನುಗಾರರ ಊರಿನಲ್ಲಿ ಅವಳ ಗುಡಿಸಲಿಗೆ ಟಿವಿ ಬಂದಾಗ ಊರ ಹೆಂಗಸರು ಅಲ್ಲಿ ಸೇರುತ್ತಾರೆ. ಅದೇ ಟಿವಿಯಲ್ಲಿ 1999ರ ಕಾರ್ಗಿಲ್ ಯುದ್ಧದ ಸುದ್ದಿಯೂ ಬರುತ್ತದೆ. ದೊಡ್ಡ ದೋಣಿಗಳ ವ್ಯಾಪಾರದ ಪೈಪೋಟಿ ನಿಧಾನವಾಗಿ ಹಿಂದೂ-ಮುಸ್ಲಿಂ ವೈರವಾಗಿ ತಿರುಗುತ್ತದೆ. ಎಷ್ಟೋ ಹೆರಿಗೆ ಮಾಡಿಸಿದ ಗುಲಾಬಿ ಊರು ಬಿಡಬೇಕಾಗುತ್ತದೆ. ಕರಾವಳಿಯ ಕೋಮುವಾದದ ಹಿಂದಿನ ಆರ್ಥಿಕ ಕಾರಣವನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಕನ್ನಡ ಚಿತ್ರಗಳು ವಿರಳ. ತಾರಾ ಮತ್ತು ಉಮಾಶ್ರೀಯವರಿಗೆ ಈ ಪಾತ್ರಗಳಿಗಾಗಿ ರಾಷ್ಟ್ರಪ್ರಶಸ್ತಿ ಬಂತು. ಬ್ಯಾರಿ ಭಾಷೆಯ ಮೊದಲ ಕಥಾಚಿತ್ರ 'ಬ್ಯಾರಿ' 2011ನೇ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡಿತು. ಆದರೆ ಪ್ರಶಸ್ತಿ ಬಂದ ಚಿತ್ರಕ್ಕೆ ಥಿಯೇಟರು ಸಿಗುವುದಿಲ್ಲ ಎಂಬುದು ನಮ್ಮ ಚಿತ್ರರಂಗದ ಹಳೆಯ ಕಾಯಿಲೆ.

ಒಂದೇ ತಿಂಗಳ ಎರಡು ಚಿತ್ರಗಳು

2023ರ ಮೇ ತಿಂಗಳು ಈ ಇಡೀ ಇತಿಹಾಸವನ್ನು ಎರಡು ಚಿತ್ರಗಳಲ್ಲಿ ನಮ್ಮ ಮುಂದಿಟ್ಟಿತು. ಮೇ 5ರಂದು 'ದಿ ಕೇರಳ ಸ್ಟೋರಿ' ಬಂತು. ಕೇರಳದ 32,000 ಹೆಣ್ಣುಮಕ್ಕಳು ಮತಾಂತರಗೊಂಡು ಭಯೋತ್ಪಾದಕರ ಪಾಲಾದರು ಎಂಬ ಅರ್ಥದ ಟೀಸರ್‌ ಮೂಲಕ ಅದು ಮಾರಾಟಕ್ಕೆ ನಿಂತಿತ್ತು. ಬಿಡುಗಡೆಯ ದಿನವೇ ಬಳ್ಳಾರಿಯ ಚುನಾವಣಾ ಸಭೆಯಲ್ಲಿ ಪ್ರಧಾನಿಯವರು ಅದನ್ನು ಪ್ರಸ್ತಾಪಿಸಿದರು. ಮಧ್ಯಪ್ರದೇಶ, ಉತ್ತರಪ್ರದೇಶಗಳಲ್ಲಿ ತೆರಿಗೆ ವಿನಾಯಿತಿ ಸಿಕ್ಕಿತು. ಪಶ್ಚಿಮ ಬಂಗಾಳ ನಿಷೇಧಿಸಿದ್ದು ಇನ್ನಷ್ಟು ಪ್ರಚಾರ ಕೊಟ್ಟಿತು. ಮೇ 18ರಂದು ಸುಪ್ರೀಂ ಕೋರ್ಟ್ ಆ ನಿಷೇಧಕ್ಕೆ ತಡೆ ನೀಡಿತು. 32,000 ಎಂಬ ಸಂಖ್ಯೆಗೆ ಅಧಿಕೃತ ದಾಖಲೆಯಿಲ್ಲ, ಚಿತ್ರ ಕಾಲ್ಪನಿಕ ನಿರೂಪಣೆ ಎಂಬ ಘೋಷಣೆ ಹಾಕಲು ನಿರ್ಮಾಪಕರು ಅಂದು ಒಪ್ಪಿಕೊಳ್ಳಬೇಕಾಯಿತು. ಅಷ್ಟರಲ್ಲಿ ಸಂಖ್ಯೆ ತನ್ನ ಕೆಲಸ ಮುಗಿಸಿತ್ತು. 2025ರಲ್ಲಿ ಅದರ ನಿರ್ದೇಶಕರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಇದು ಹಳೆಯ ರೂಢಿಯ ಮುಂದುವರಿಕೆಯಷ್ಟೇ ಅಲ್ಲ. ಇಲ್ಲಿ ಭಯವೇ ಜಾಹೀರಾತು, ಅಧಿಕಾರದಲ್ಲಿರುವವರೇ ಪ್ರಚಾರಕರು.

ಮರುದಿನ, ಮೇ 19ರಂದು, 'ಡೇರ್‌ಡೆವಿಲ್ ಮುಸ್ತಾಫಾ' ಬಿಡುಗಡೆಯಾಯಿತು. ಪೂರ್ಣಚಂದ್ರ ತೇಜಸ್ವಿಯವರ ಕತೆ, ಶಶಾಂಕ್ ಸೋಗಾಲ್ ನಿರ್ದೇಶನ. ಹಣ ಹಾಕಿದವರು ತೇಜಸ್ವಿಯವರ ಓದುಗರು. ಹಿಂದೂ ಹುಡುಗರೇ ತುಂಬಿದ ತರಗತಿಗೆ ಮುಸ್ತಾಫಾ ಎಂಬ ಹುಡುಗ ಬರುತ್ತಾನೆ. ಅವನ ಬಗ್ಗೆ ಉಳಿದವರಿಗೆ ಕುತೂಹಲ, ಅಂಜಿಕೆ, ಅಸಂಬದ್ಧ ಕಲ್ಪನೆಗಳು. ಪೂರ್ವಗ್ರಹ ಎಷ್ಟು ಬಾಲಿಶ ಎಂಬುದನ್ನು ಚಿತ್ರ ಉಪದೇಶವಿಲ್ಲದೆ, ನಗಿಸುತ್ತ ತೋರಿಸುತ್ತದೆ. ಮುಸ್ತಾಫಾ ಸಂತನಲ್ಲ, ಹುತಾತ್ಮನೂ ಅಲ್ಲ. ಅವನು ಕ್ರಿಕೆಟ್ ಆಡುತ್ತಾನೆ, ತರಲೆ ಮಾಡುತ್ತಾನೆ, ಗೆಳೆಯರನ್ನು ಗಳಿಸುತ್ತಾನೆ. ಕೊನೆಯ ಭಾಗದಲ್ಲಿ ಸೌಹಾರ್ದ ತುಸು ಸಲೀಸಾಗಿ ಕೈಗೂಡಿತು ಎಂಬ ಆಕ್ಷೇಪ ನಮಗಿದೆ. ಆದರೂ ಚಿತ್ರಕ್ಕೆ ಹಣ ಎಲ್ಲಿಂದ ಬಂತು ಎಂಬುದಕ್ಕೂ ಮುಸ್ತಾಫಾ ಮನುಷ್ಯನಾಗಿ ಉಳಿದದ್ದಕ್ಕೂ ನೇರ ಸಂಬಂಧವಿದೆ. ಕತೆಯನ್ನು ಪ್ರೀತಿಸಿದ ಜನ ಹಣ ಹಾಕಿದ್ದರಿಂದ ಯಾರನ್ನೂ ಹೆದರಿಸಿ ಟಿಕೆಟ್ ಮಾರುವ ಒತ್ತಡ ಆ ತಂಡಕ್ಕಿರಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಬೇಕು. ಮುಸ್ಲಿಮರನ್ನು ಹೊಗಳುವ ಚಿತ್ರಗಳು ನಮಗೆ ಬೇಕಿಲ್ಲ. ನಿಷೇಧದ ಕೂಗಿನಿಂದಲೂ ಫಲವಿಲ್ಲ. ಪಂಕ್ಚರ್ ಅಂಗಡಿಯವನು, ಶಾಲೆಯ ಟೀಚರಮ್ಮ, ಗಲ್ಫಿನಿಂದ ಮರಳಿದ ಮಗ, ಬೀಡಿ ಕಟ್ಟುವ ತಾಯಿ ತಮ್ಮ ಸಿಟ್ಟು, ಆಸೆ, ತಪ್ಪುಗಳೊಂದಿಗೆ ತೆರೆಗೆ ಬರಲಿ. ಅದಕ್ಕೆ ಸರ್ಕಾರದ ಸಹಾಯಧನ ಸಣ್ಣ ಚಿತ್ರಗಳಿಗೆ ಹೊತ್ತಿಗೆ ಸರಿಯಾಗಿ ತಲುಪಬೇಕು. ಜಿಲ್ಲಾ ಕೇಂದ್ರಗಳಲ್ಲಿ ಕಡಿಮೆ ದರದ ಚಿತ್ರಮಂದಿರಗಳು ಬೇಕು. ಸಮುದಾಯದಲ್ಲಿ ಸಿನಿಮಾವನ್ನು ದೂರವಿಡಬೇಕೆನ್ನುವವರೂ ಇದ್ದಾರೆ. ಅವರ ನೈತಿಕ ಕಳಕಳಿಯನ್ನು ಗೌರವಿಸುತ್ತಲೇ ಒಂದು ಮಾತು ಹೇಳಬೇಕಾಗಿದೆ: ನಾವು ನೋಡದಿದ್ದರೂ ನೆರೆಮನೆಯವರು ನೋಡುತ್ತಾರೆ, ನಮ್ಮ ಮುಖವನ್ನು ಆ ತೆರೆಯ ಮೂಲಕವೇ ಅಳೆಯುತ್ತಾರೆ. ಬಾನು ಮುಷ್ತಾಕ್, ಬೊಳುವಾರು, ಸಾರಾ ಅಬೂಬಕ್ಕರ್ ಬರೆದ ಕತೆಗಳು ಕನ್ನಡದಲ್ಲಿ ಸಿದ್ಧವಾಗಿವೆ. ಅವುಗಳನ್ನು ಓದಿದವರು ಮುಸ್ತಾಫಾನ ಗೆಳೆಯರಂತೆ ಮುಂದೆ ಬಂದು, ನಾಲ್ಕು ಕಾಸು ಕೂಡಿಸಿದರೆ ಮುಂದಿನ ಚಿತ್ರ ಆಗುತ್ತದೆ.