‘ಜಿಲ್ಲಾಧಿಕಾರಿ’ ಶಬ್ದದ ಸಾಧುತ್ವ ವಿಚಾರ

ಬೇರೆ ಬೇರೆ ಕುಲದ ಶಬ್ದಗಳು ಕೂಡಿ ಒಂದು ಪದವಾಗುವುದು ಇಂಗ್ಲಿಷಿನಲ್ಲಿ ವಿರಳವಲ್ಲ. ‘ಟೆಲಿವಿಷನ್’ ಎಂಬಲ್ಲಿ ಪೂರ್ವಪದವು ಗ್ರೀಕ್, ಉತ್ತರಪದವು ಲ್ಯಾಟಿನ್. ಭಾರತದಲ್ಲಿ ಅದಕ್ಕೆ ಅಚ್ಚ ಸಂಸ್ಕೃತದ ‘ದೂರದರ್ಶನ’ವೆಂಬ ಹೆಸರಿಟ್ಟುದರಿಂದ ಆ ಸಂಕರವು ಕಳೆಯಿತು. ಆದರೆ ಗ್ರೀಕ್ ಲ್ಯಾಟಿನ್‌ಗಳು ಜ್ಞಾತಿಭಾಷೆಗಳಾದರೂ ಆದುವು. ನಿತ್ಯವೂ ಕಿವಿಗೆ ಬೀಳುವ ‘ಜಿಲ್ಲಾಧಿಕಾರಿ’ಯಲ್ಲಿ ಕೂಡಿರುವ ಅರಬ್ಬೀ ಸಂಸ್ಕೃತಗಳಿಗೆ ಆ ನಂಟೂ ಇಲ್ಲ.

ಕವಿರಾಜಮಾರ್ಗವು ತಿರುಳ್ಗನ್ನಡದ ಎಲ್ಲೆಯಲ್ಲಿ ಎಣಿಸುವ ಕೊಪಣನಗರವೇ ಇಂದಿನ ಕೊಪ್ಪಳವೆಂಬುದು ವಿದ್ವಾಂಸರಿಗೆ ವಿದಿತವಾದುದು. ಹೈದರಾಬಾದು ಸಂಸ್ಥಾನದ ಕಾಲದಲ್ಲಿ ಅಲ್ಲಿ ಜಿಲ್ಲೆಯ ಮುಖ್ಯನು ‘ಅವ್ವಲ್ ತಾಲ್ಲೂಕುದಾರ’ನೆನಿಸಿದ್ದನು; ಅರಬ್ಬಿಗೆ ಪಾರಸಿಯ ‘ದಾರ್’ ಸೇರಿದ ಅದೂ ಸಂಕರಪದವೇ. 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ರಾಯಚೂರಿನಿಂದ ಬೇರ್ಪಟ್ಟು ಹೊಸ ಜಿಲ್ಲೆಯಾಗಲು, ತಿರುಳ್ಗನ್ನಡದ ನೆಲೆಯಲ್ಲಿಯೇ ಜಿಲ್ಲಾಧಿಕಾರಿಯ ಪೀಠವು ಸ್ಥಾಪಿತವಾಯಿತು.

ಶುದ್ಧಿಪಕ್ಷದವರು ಈ ಪದವನ್ನು ಅರಿಸಮಾಸವೆಂದು ತಳ್ಳುವರು. ಸಂಸ್ಕೃತಕ್ಕೆ ಕನ್ನಡವನ್ನು ಬೆಸೆಯುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರಸಿದಂತೆಂದು ಮಾರ್ಗಕಾರನು ಹಳಿದಿರುವುದು ನಿಜ. ಆದರೆ ಕೇಶಿರಾಜನು ಪೂರ್ವಕವಿಪ್ರಯೋಗದಲ್ಲಿಯೂ ಬಿರುದಾವಳಿಯಲ್ಲಿಯೂ ಅದಕ್ಕೆ ಎಡೆಗೊಟ್ಟಿದ್ದಾನೆ. ಅಧಿಕಾರದ ಹೆಸರು ಬಿರುದಿಗೆ ಬಹು ದೂರವಾದುದೇನಲ್ಲ.

ಇರಲಿ, ವಿಚಾರಿಸಬೇಕಾದುದು ಪದದ ರಚನೆಯನ್ನು. ಪಕ್ಕೆಲುಬು, ಪಾರ್ಶ್ವ ಎಂಬರ್ಥದ ಅರಬ್ಬೀ ಶಬ್ದವು ಪಾರಸಿ ಉರ್ದುಗಳ ಆಡಳಿತದಲ್ಲಿ ನಾಡಿನ ಒಂದು ಭಾಗಕ್ಕೆ ಸಂದು, ಕನ್ನಡದಲ್ಲಿ ಎಕಾರಾಂತವಾಗಿ ‘ಜಿಲ್ಲೆ’ಯಾಯಿತು. ಇದನ್ನು ದೇಶ್ಯದಂತೆ ಎಣಿಸಿದ್ದರೆ ಯಕಾರಾಗಮದಿಂದ ‘ಜಿಲ್ಲೆಯಧಿಕಾರಿ’ ಎಂದಾಗಬೇಕಿತ್ತು. ಜನರು ಹಾಗೆನ್ನಲಿಲ್ಲ. ಮಾಲಾ ಎಂಬುದು ಮಾಲೆ, ಗಂಗಾ ಎಂಬುದು ಗಂಗೆ, ವಿದ್ಯಾ ಎಂಬುದು ವಿದ್ಯೆ. ಸಮಾಸದಲ್ಲಿ ಮಾತ್ರ ಮಾಲಾಧರ, ಗಂಗಾಧರ, ವಿದ್ಯಾಧಿಕಾರಿ ಎಂದು ಆಕಾರವು ಮರಳುವುದು. ಅದೇ ಸಾಲಿನಲ್ಲಿ ಜಿಲ್ಲೆಯೂ ಜಿಲ್ಲಾ ಆಗಿ, ಪಾಣಿನಿಯ ಸವರ್ಣದೀರ್ಘವಿಧಿಗೆ ತಲೆಬಾಗಿತು! ಮರಾಠಿಯ ‘ಜಿಲ್ಹಾಧಿಕಾರೀ’, ಹಿಂದಿಯ ‘ಜಿಲಾಧಿಕಾರೀ’ಗಳನ್ನು ನೋಡಿಯೇ ಕನ್ನಡವು ಇದನ್ನು ಪಡೆದಿರಬಹುದು, ಆದರೂ ಆ ಭಾಷೆಗಳಲ್ಲಿ ಶಬ್ದವು ಮೊದಲೇ ಆಕಾರಾಂತ. ಎಕಾರವನ್ನು ಆಕಾರಕ್ಕೆ ಮರಳಿಸಿದ ಕ್ರಮ ಕನ್ನಡದ್ದೇ. ವಿದ್ಯಾರ್ಥಿಯ ಬರಹದಲ್ಲಿ ಈ ಪದವನ್ನು ಕಂಡು ಗೀಟು ಹಾಕುವ ಉಪಾಧ್ಯಾಯರಿಗೆ ವ್ಯಾಕರಣದ ಬೆಂಬಲವಿಲ್ಲ.

ಹಾಗೆಂದು ಎಲ್ಲ ಸಂಕರವೂ ಸಾಧುವೆನ್ನಲಾಗದು. ಪತ್ರಿಕೆಗಳಲ್ಲಿ ಕಾಣುವ ‘ತಾಲ್ಲೂಕಾಧ್ಯಕ್ಷ’ವು ಹೀಗೆ ಸಿದ್ಧಿಸದು. ‘ತಾಲ್ಲೂಕು’ ಉಕಾರಾಂತ; ಮರಳಿ ಬರಲು ಅಲ್ಲಿ ಆಕಾರವೇ ಇಲ್ಲ. ಮರಾಠಿಯ ‘ತಾಲುಕಾ’ದ ನೆರಳಿನಿಂದ ಹುಟ್ಟಿದ ಆ ದೀರ್ಘವನ್ನು ಬಿಟ್ಟು ‘ತಾಲ್ಲೂಕು ಅಧ್ಯಕ್ಷ’ ಎಂದು ಬಿಡಿಯಾಗಿ ಬರೆಯುವುದೇ ಯುಕ್ತ.