ತಗಾಯ್‌ನ ಎಡಗೈ

ಟಾರೆಸ್ ಜಲಸಂಧಿಯ ದ್ವೀಪಗಳ ಕುಣಿತ ನೋಡುವಾಗ ನನ್ನ ಕಣ್ಣು ಕುಣಿಯುವವರ ಕೈಗೇ ಹೋಗಿ ನಿಲ್ಲುತ್ತದೆ. ಆಸ್ಟ್ರೇಲಿಯಾದ ಉತ್ತರ ತುದಿಗೂ ಪಪುವಾ ನ್ಯೂಗಿನಿಗೂ ನಡುವಿನ ಈ ದ್ವೀಪವಾಸಿಗಳು ಬಿದಿರು, ಹಲಗೆ, ಗರಿಗಳಿಂದ ಪುಟ್ಟ ನೃತ್ಯಯಂತ್ರಗಳನ್ನು ಕಟ್ಟುತ್ತಾರೆ. ದಾರ ಜಗ್ಗಿದರೆ ಅಂಗೈಯಲ್ಲಿ ನಕ್ಷತ್ರ ಅರಳುತ್ತದೆ, ಸಡಿಲಬಿಟ್ಟರೆ ಮುದುಡುತ್ತದೆ. ಅದಕ್ಕೆ ಲಯ ಕೊಡುವುದು ವಾರುಪ್: ನಡು ಸಣ್ಣಗಿರುವ, ಉಡದ ಚರ್ಮ ಬಿಗಿದ, ಮೀನಿನ ಬಾಯಂತೆ ತೆರೆದ ಮರದ ವಾದ್ಯ. ಜೊತೆಗೆ ಕುಲಾಪ್ ಎಂಬ ಬೀಜಗೊಂಚಲಿನ ಗಲಗಲ. ಮಂಡಿ ಬಗ್ಗಿಸಿ, ನೆಲ ತುಳಿದು, ಥಟ್ಟನೆ ತಿರುಗುವ ಮೈಗಳ ನಡುವೆ ಆ ನಕ್ಷತ್ರ ಮಿನುಗುವುದನ್ನು ಎಷ್ಟು ನೋಡಿದರೂ ತಣಿಯದು.

ಅಲ್ಲಿಯ ಆಕಾಶದ ದೊಡ್ಡ ನಾಯಕ ತಗಾಯ್. ವೃಶ್ಚಿಕವೇ ಅವನ ದೋಣಿ. ತ್ರಿಶಂಕು ನಕ್ಷತ್ರಪುಂಜ ಈಟಿ ಹಿಡಿದ ಎಡಗೈ. ಬಲಗೈ ನಮ್ಮ ಹಸ್ತಾ ನಕ್ಷತ್ರ. ಸಾವಿರಾರು ಮೈಲಿ ಆಚೆಯವರೂ ಅದೇ ಚುಕ್ಕಿಗಳಲ್ಲಿ ಕೈಯನ್ನೇ ಕಂಡರಲ್ಲ ಎಂಬುದು ನನಗೆ ಮುಗಿಯದ ಬೆರಗು. ಪಯಣಕ್ಕೆಂದು ಕಟ್ಟಿಟ್ಟ ಬುತ್ತಿ, ನೀರನ್ನು ಖಾಲಿ ಮಾಡಿದ 12 ಜನ ನಾವಿಕರನ್ನು ತಗಾಯ್ ಕಡಲಿಗೆಸೆದ. ಅವರಲ್ಲಿ ಆರು ಮಂದಿ ಕೃತ್ತಿಕೆಯಾದರು, ಆರು ಮಂದಿ ಒರಾಯನ್ ಆದರು. ಅವನ ಎಡಗೈ ಮುಸ್ಸಂಜೆಯ ಕಡಲಿಗೆ ಅದ್ದಿತೆಂದರೆ ಕುಕಿ, ಅಂದರೆ ವಾಯವ್ಯದ ಮಳೆಗಾಳಿ, ಹತ್ತಿರ ಬಂತು; ತೋಟದ ನೆಡುವಿಕೆಗೆ ಅಣಿಯಾಗಬೇಕು.

ಉತ್ತರದ ದಿಗಂತದಲ್ಲಿ ತಗ್ಗಾಗಿ ಕಾಣುವ ಸಪ್ತರ್ಷಿ ಮಂಡಲ ಅವರಿಗೆ ಶಾರ್ಕ್. ಮೇರ್ ದ್ವೀಪದ ಭಾಷೆಯಲ್ಲಿ ಬೈಝಾಮ್. ಎರುಬ್ ದ್ವೀಪದ ಕಲಾವಿದ ಕೆನ್ ಥೈಡೇ ಕಟ್ಟಿದ ಬೈಝಾಮ್ ಶಿರೋಭೂಷಣಗಳಲ್ಲಿ ದಾರವೆಳೆದರೆ ಶಾರ್ಕಿನ ದವಡೆ ತೆರೆದು ಮುಚ್ಚುತ್ತದೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಿದರೆ ಇವುಗಳ ಅರ್ಧ ಸೊಗಸೂ ದಕ್ಕದು, ಕುಣಿಯುವ ತಲೆಯ ಮೇಲೇ ನೋಡಬೇಕು.

1871ರಲ್ಲಿ ಬಂದ ಮಿಷನರಿಗಳ ಕಾಲದಲ್ಲಿ ಮೇರ್‌ನ ಮಾಲೋ ದೈವದ ಮುಖವಾಡಗಳು ನಾಶವಾದವು. 1898ರಲ್ಲಿ ಕೇಂಬ್ರಿಜ್‌ನ ಮಾನವಶಾಸ್ತ್ರಜ್ಞ ಹ್ಯಾಡನ್ ಕ್ಯಾಮೆರಾ ತಂದಾಗ ಊರವರು ರಟ್ಟಿನಲ್ಲಿ ಮುಖವಾಡ ಕತ್ತರಿಸಿ, ಒಬ್ಬರ ಹಿಂದೊಬ್ಬರು ಸುತ್ತಿ ಕುಣಿದರು. ಕೆಲವೇ ಕ್ಷಣಗಳ ಆ ಚಿತ್ರ ಇಂದಿಗೂ ಉಳಿದಿದೆ. ನಕ್ಷತ್ರಗಳು ತಂತಮ್ಮ ದಾರಿಯಲ್ಲೇ ನಡೆಯುತ್ತವೆ, ಮನುಷ್ಯನೂ ಪರರ ನೆಲ ತುಳಿಯದಿರಲಿ ಎಂಬುದು ಮಾಲೋನ ಕಟ್ಟಳೆ. 1992ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ ಎಡ್ಡಿ ಮಾಬೋ ಮೊಕದ್ದಮೆಯಲ್ಲಿ ಭೂಮಿಯ ಹಕ್ಕನ್ನು ಒಪ್ಪಿಕೊಂಡದ್ದು ಇದೇ ಮೇರ್ ಜನರಿಗೆ.